ಮರ ಹಿಡಿದ ಮಾತು

ನಮ್ಮ ಬೀದಿಗೆ ಸೊಪ್ಪು ಮಾರಲು ಬರುವವಳು ಕೂಗುವುದಿಲ್ಲ. ಬೀದಿಯ ಬಾಯಲ್ಲಿ ಬುಟ್ಟಿ ಇಳಿಸಿ ತಕ್ಕಡಿಯ ತಟ್ಟೆಗೆ ಬೆರಳಿನಿಂದ ಎರಡು ಸಲ ಬಡಿಯುತ್ತಾಳೆ, ಅಷ್ಟೆ. ಹೆಂಗಸರು ಹೊರಗೆ ಬಂದು ಎಷ್ಟು ಕಟ್ಟು ಬೇಕೆಂದು ಬೆರಳೆತ್ತಿ ತೋರಿಸುತ್ತಾರೆ. ಚೌಕಾಸಿ ಮಾಡಲೇಬೇಕೆಂದು ಹಟ ಹಿಡಿದವರು ಅವಳನ್ನು ಕರೆದುಕೊಂಡು ಅರಳಿಕಟ್ಟೆಯವರೆಗೆ ನಡೆಯಬೇಕು. ಬೀದಿಯ ಜಗಳಗಳೂ ಅಲ್ಲೇ, ಹೆಣ್ಣು ಕೇಳುವ ಶಾಸ್ತ್ರವೂ ಅಲ್ಲೇ, ಸತ್ತವರನ್ನು ನೆನೆದು ಅಳುವುದೂ ಅಲ್ಲೇ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯರಿಗೆ ಮೊದಲ ತಿಂಗಳು ಕಷ್ಟವಾಗುತ್ತದೆ. ಆಮೇಲೆ ಬಳೆ ಸದ್ದಿನಲ್ಲೇ ಗಂಡನನ್ನು ಊಟಕ್ಕೆ ಕರೆಯಲು ಕಲಿಯುತ್ತಾರೆ.

ಬೀದಿಯ ಹದಿನಾಲ್ಕು ಮನೆಗಳಲ್ಲಿ ಕ್ರಿಕೆಟ್ ಬ್ಯಾಟು ಮಾಡುತ್ತಾರೆ. ಉಳಿ ತಾಗಿ ಮೈ ತೆರೆದ ಮರ ತನ್ನ ಮುಂದೆ ಆಡಿದ ಮಾತನ್ನು ಹಿಡಿದುಕೊಳ್ಳುತ್ತದೆ. ಒಂದು ಮರಕ್ಕೆ ಒಂದೇ ಮಾತು, ಮೊದಲು ಬಿದ್ದದ್ದು. ಮುಂದೆ ಆ ಬ್ಯಾಟಿಗೆ ಚೆಂಡು ತಾಗಿದಾಗಲೆಲ್ಲ ಅದೇ ಮಾತು, ಆಡಿದವರದೇ ದನಿಯಲ್ಲಿ. ನಾನು ಚಿಕ್ಕವಳಿದ್ದಾಗ ಒಬ್ಬರು ಎಪ್ಪತ್ತೆರಡು ರನ್ ಹೊಡೆದರು, ಪ್ರತಿ ಹೊಡೆತಕ್ಕೂ ಅವರ ಬ್ಯಾಟು "ಕಾಫಿ ತಣ್ಣಗಾಯ್ತು ನೋಡ್ರೀ" ಎನ್ನುತ್ತಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುವರ್ಷ ಇನ್ನೊಂದು ಬ್ಯಾಟು ಓರಗಿತ್ತಿಯ ಬಗ್ಗೆ ಏನೋ ಅಂದಿತು. ಆ ಸಲ ಯಾರೂ ನಗಲಿಲ್ಲ, ಒಂದು ಮನೆ ಎರಡಾಯಿತು. ಆಮೇಲೆ ಕಟ್ಟಳೆಯಾಯಿತು. ಮೊದಲ ಓವರಿಗೆ ಅಂಪೈರು ಬ್ಯಾಟಿನ ಹತ್ತಿರವೇ ಕಿವಿಗೊಟ್ಟು ನಿಲ್ಲಬೇಕು. ಅದು ಮಾತಾಡಿದರೆ ಮೈದಾನದಿಂದ ಆಚೆ. ಮಾಡಿದವರ ಬಾಗಿಲ ಚೌಕಟ್ಟಿನ ಮೇಲಿನ ಕಸುಬಿನ ಮುದ್ರೆಯನ್ನು ಒಂದು ವರ್ಷಕ್ಕೆ ಕೆರೆದು ಹಾಕಬೇಕು, ಅಲ್ಲಿಯವರೆಗೆ ಅವರ ಬ್ಯಾಟನ್ನು ಯಾರೂ ಕೊಳ್ಳುವಂತಿಲ್ಲ.

ಇಂಥ ಬೀದಿಯಲ್ಲಿ ನನ್ನಂಥವಳಿಗೆ ಬೆಲೆ ಇತ್ತು. ಅಪ್ಪನ ಅಕ್ಕ ಕಾಳಮ್ಮತ್ತೆ ಕಟ್ಟೆಯ ಮೇಲೆ ಕೂತು ನನ್ನನ್ನು ಮೆರೆಸುತ್ತಿದ್ದಳು. "ನಮ್ಮ ಸಿದ್ಧಾಚಾರಿ ಮಗಳು ಪದ್ಮಿನಿ ನೋಡ್ರೇ, ಹುಟ್ಟಿದಾಗ ಸೂಲಗಿತ್ತಿ ಹೊಡೆದು ಅಳಿಸ್ಬೇಕಾಯ್ತು. ಬಿ.ಎ. ಮಾಡಿದಾಳೆ, ಇವತ್ತಿನವರೆಗೂ ಯಾವ ಮೇಷ್ಟ್ರಿಗೂ ಇವಳ ದನಿ ಗೊತ್ತಿಲ್ಲ. ಅವಳ ಪಾಲಿನ ಮಾತೆಲ್ಲ ದೇವರು ನಂಗೆ ಕೊಟ್ಬಿಟ್ಟ, ಏನ್ಮಾಡೋದು!" ಹೆಂಗಸರು ನಗುತ್ತಿದ್ದರು. ನಾನು ಸೊಪ್ಪಿನ ಕಟ್ಟು ಹಿಡಿದುಕೊಂಡು ನೆಲ ನೋಡುತ್ತಿದ್ದೆ.

ಮಾತಾಡದವಳಿಗೆ ಮಾತಿಲ್ಲವೆಂದಲ್ಲ. ನನ್ನದೆಲ್ಲ ನೋಟುಬುಕ್ಕಿನಲ್ಲಿತ್ತು. ಹೈಸ್ಕೂಲಿನಿಂದ ದಿನಚರಿ ಬರೆಯುತ್ತಿದ್ದೇನೆ. ಆದರೆ ಬರೆಯುವಾಗ ನನ್ನ ತುಟಿ ಸುಮ್ಮನಿರುವುದಿಲ್ಲ. ಕೈ ಬರೆದದ್ದನ್ನು ಬಾಯಿ ಪಿಸುಗುಟ್ಟದಿದ್ದರೆ ಮುಂದಿನ ಸಾಲು ಬರುವುದೇ ಇಲ್ಲ. ಅದಕ್ಕೇ ಶೆಡ್ಡಿನಲ್ಲಿ ಕೂತು ನಾನು ಎಂದೂ ಬರೆದವಳಲ್ಲ. ಶೆಡ್ಡಿನಲ್ಲಿ ನನ್ನ ಕೆಲಸ ಬೆತ್ತದ ಹಿಡಿಗಳಿಗೆ ದಾರ ಸುತ್ತುವುದು. ಅಪ್ಪ ಕೀಸುಳಿ ಎಳೆಯುತ್ತಾ, ಎರಡೂ ಕೈಯಲ್ಲಿ ಬ್ಯಾಟನ್ನು ಎತ್ತಿ ತೂಗಿ ನೋಡುತ್ತಾ, ಮತ್ತೆ ಒಂದು ಕೂದಲಿನಷ್ಟು ಕೀಸುತ್ತಾ ಇರುತ್ತಿದ್ದ. ಇಡೀ ದಿನ ಹಾಗೆ ಎದುರುಬದುರು ಕೂತರೂ ನಮ್ಮ ನಡುವೆ ಕೆಮ್ಮು ಸೀನು ಬಿಟ್ಟರೆ ಬೇರೇನೂ ಹಾಯುತ್ತಿರಲಿಲ್ಲ.

ಬರೆಯಲು ನನಗೆ ಅಟ್ಟ ಇತ್ತು. ಹೊಳೆಯಾಚೆಯಿಂದ ಬಂದ, ಬ್ಯಾಟಿಗೆ ಬಳಸುವ ವಿಲ್ಲೋ ಮರದ ದಿಮ್ಮಿಯನ್ನು ಸೀಳಿದ ಮೇಲೆ ಪ್ರತಿ ಸೀಳಿನ ಎರಡೂ ತುದಿಗಳನ್ನು ಕಾದ ಮೇಣದಲ್ಲಿ ಅದ್ದಿ ಅಟ್ಟಕ್ಕೆ ಏರಿಸುತ್ತಾರೆ. ಒಂಬತ್ತು ತಿಂಗಳು ಅಲ್ಲೇ ಒಣಗಬೇಕು. ಮೇಣ ಹಾಕಿದರೆ ಮರ ಬಿರುಕು ಬಿಡುವುದಿಲ್ಲ, ಕಿವಿಯೂ ಮುಚ್ಚುತ್ತದೆ. ಮೇಣದ ಮರದ ಮುಂದೆ ಏನು ಬೇಕಾದರೂ ಮಾತಾಡಬಹುದೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹೊಸದಾಗಿ ಮದುವೆಯಾದವರು ಅಟ್ಟದಲ್ಲೇ ಮಲಗುವುದು ಅದಕ್ಕೇ.

ನಮ್ಮ ಮನೆಯಲ್ಲಿ ಮೇಣದ ಕೆಲಸ ಅಮ್ಮನದು. ಆ ವರ್ಷ ಅಮ್ಮ ಮಲಗಿಬಿಟ್ಟಿದ್ದಳು. ಹೊಟ್ಟೆಯೊಳಗಿನ ಗಡ್ಡೆ, ದೊಡ್ಡಾಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ನಡುಮನೆಯಲ್ಲಿ ಮಂಚ ಹಾಕಿದ್ದೆವು. ಅಮ್ಮ ಅಲ್ಲಿಂದಲೇ ಕೈಸನ್ನೆ ಮಾಡಿ ನನಗೆ ಕೆಲಸ ಹೇಳಿಕೊಟ್ಟಳು. ಒಂದು ಸಲ ಅದ್ದು, ಆರಲಿ, ಮತ್ತೊಂದು ಸಲ ಅದ್ದು. ನಲವತ್ತು ಸೀಳು, ಎಂಬತ್ತು ತುದಿ. ನಾನು ಹತ್ತು ಅದ್ದುವಷ್ಟರಲ್ಲಿ ಅಮ್ಮನ ಬಳೆ ಮಂಚದ ಕಂಬಿಗೆ ತಾಗುತ್ತಿತ್ತು. ನೀರು ಬೇಕು, ಮಗ್ಗುಲು ಬದಲಾಗಬೇಕು, ಬಟ್ಟೆ ಒದ್ದೆಯಾಗಿದೆ. ಓಡಿ ಬರುವಷ್ಟರಲ್ಲಿ ಮೇಣ ಗಟ್ಟಿಯಾಗಿರುತ್ತಿತ್ತು. ಮೂರನೆಯ ದಿನ ಎರಡನೆಯ ಸಲ ಅದ್ದುವುದನ್ನೇ ಬಿಟ್ಟೆ. ನೋಡಿದರೆ ಒಂದೇ ಥರ ಕಾಣುತ್ತಿತ್ತು. ಎಲ್ಲವನ್ನೂ ಅಟ್ಟಕ್ಕೆ ಏರಿಸಿದೆ.

ಆಮೇಲಿನ ಆರು ತಿಂಗಳು ನಾನು ಎಡೆಬಿಡದೆ ಮೂರು ಗಂಟೆ ನಿದ್ದೆ ಮಾಡಿದ್ದು ನೆನಪಿಲ್ಲ. ಮಧ್ಯಾಹ್ನ ಔಷಧಿಯ ಮಂಪರಿನಲ್ಲಿ ಅಮ್ಮ ಕಣ್ಣು ಮುಚ್ಚಿದಾಗ ಅಟ್ಟ ಹತ್ತಿ, ಆ ಸೀಳುಗಳ ನಡುವೆ ಕಾಲು ಚಾಚಿ ಕೂತು ಬರೆಯುತ್ತಿದ್ದೆ. ದೊಡ್ಡ ವಿಷಯಗಳೇನಲ್ಲ. ಅಮ್ಮ ಇವತ್ತು ಎರಡು ತುತ್ತು ಉಂಡಳು. ದುಪ್ಪಟಿ ಒಣಗಿಲ್ಲ. ಬೆನ್ನಿನ ಹುಣ್ಣಿಗೆ ಅರಿಸಿನ ಹಚ್ಚಿದೆ, ನನ್ನ ಕೈ ಹಿಡಿದುಕೊಂಡಳು. ಮಾಘದ ಒಂದು ಮಧ್ಯಾಹ್ನ ಬರೆದೆ: ಅಮ್ಮ ಬೇಗ ಹೋಗಿಬಿಡಲಿ. ನನಗೆ ನಿದ್ದೆ ಬೇಕು.

ಹನ್ನೊಂದನೆಯ ದಿನಕ್ಕೆ ಅಮ್ಮ ಹೋದಳು. ಆ ಹಾಳೆಯನ್ನು ಹರಿದು ಒಲೆಗೆ ಹಾಕಿದೆ. ನಿದ್ದೆ ಬರಲಿಲ್ಲ. ಅಂದಿನಿಂದ ಬರೆಯುವುದನ್ನೂ ಬಿಟ್ಟೆ.

ಆಷಾಢದಲ್ಲಿ ಅಪ್ಪ ಅಟ್ಟದಿಂದ ಮರ ಇಳಿಸಿದ. ಕೆತ್ತಿದ, ಹಿಡಿ ಕೂರಿಸಿದ, ಅಗಸೆ ಎಣ್ಣೆ ಹಚ್ಚಿದ. ಕೊನೆಯ ಕೆಲಸ ಪಳಗಿಸುವುದು. ಹೊಸ ಬ್ಯಾಟನ್ನು ಮರದ ಕೊಡತಿಯಿಂದ ಮೆಲ್ಲಗೆ ಬಡಿಯುತ್ತಾ ಹೋಗಬೇಕು, ಎರಡು ಸಾವಿರ ಪೆಟ್ಟು. ಆಗಲೇ ಅದರ ಮುಖ ಗಟ್ಟಿಯಾಗಿ ಚೆಂಡಿನ ಏಟು ತಡೆಯುವುದು. ಅದನ್ನು ಶೆಡ್ಡಿನಿಂದ ದೂರ, ಹಿತ್ತಲ ಬಾವಿಯ ಆಚೆ ಮಾಡುತ್ತೇವೆ. ಪ್ರತಿ ವರ್ಷ ಆ ಕೆಲಸದಲ್ಲಿ ನನಗೂ ಪಾಲಿರುತ್ತಿತ್ತು. ಈ ವರ್ಷ ಅಪ್ಪ ಕೊಡತಿಯನ್ನು ನನ್ನ ಕೈಗೆ ಕೊಡಲಿಲ್ಲ. ಒಂದು ಬ್ಯಾಟಿಗೆ ಎರಡು ದಿನ, ಮೂರು ದಿನ ಹಿಡಿಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಹಿತ್ತಲಿನಿಂದ ಟಕ್ ಟಕ್ ಕೇಳಿಸುತ್ತಲೇ ಇತ್ತು. ನಾನು ಕಾಫಿ ತೆಗೆದುಕೊಂಡು ಹೋದರೆ ದೂರದಿಂದಲೇ ನೋಡಿ ಕೈ ನಿಲ್ಲಿಸುತ್ತಿದ್ದ.

"ಯಾಕಪ್ಪ ಇಷ್ಟು ಹೊತ್ತು?" ಎಂದು ಒಂದು ದಿನ ಕೇಳಿದೆ.

"ಈ ವರ್ಷದ ಮರ ಸ್ವಲ್ಪ ಗಟ್ಟಿ ಕಣಮ್ಮ," ಎಂದ.

ಭಾನುವಾರ ಆಟಗಳು ಶುರುವಾಗಬೇಕಿತ್ತು. ಬುಧವಾರ ಅಪ್ಪ ದಾರ ತರಲು ಪೇಟೆಗೆ ಹೋದಾಗ ದಾಕ್ಷಾಯಿಣಿ ಟೀಚರ್ ಬಂದರು. ನನಗೆ ಹೈಸ್ಕೂಲಿನಲ್ಲಿ ಆಟ ಕಲಿಸಿದವರು, ಊರಿನ ಹೆಂಗಸರ ತಂಡಕ್ಕೆ ಮೊದಲ ಬ್ಯಾಟಿಂಗ್ ಅವರದೇ. ಬಾಗಿಲಲ್ಲಿ ನಿಂತು ಬ್ಯಾಟು ಬೀಸುವ ಸನ್ನೆ ಮಾಡಿದರು, ತಮ್ಮ ಎದೆ ತೋರಿಸಿಕೊಂಡರು. ಅವರದು ಗೋಡೆಗೆ ಒರಗಿತ್ತು, ಇನ್ನೂ ಪಳಗಿಸಿರಲಿಲ್ಲ. ಅಪ್ಪ ಬರಲಿ ಎನ್ನಬೇಕಿತ್ತು. ಅಷ್ಟು ಹೇಳಲು ಅವರನ್ನು ಕಟ್ಟೆಯವರೆಗೆ ಕರೆದುಕೊಂಡು ಹೋಗಿ, ಕಣ್ಣೆತ್ತಿ, ಬಾಯಿ ಬಿಡಬೇಕಿತ್ತು. ಅವರೇ ಪಳಗಿಸಿಕೊಳ್ಳುತ್ತಾರೆ ಎಂದುಕೊಂಡು ಎತ್ತಿ ಕೊಟ್ಟುಬಿಟ್ಟೆ.

ಅಪ್ಪ ಬಂದು ಗೋಡೆ ನೋಡಿದ. ನನ್ನನ್ನು ಹಿತ್ತಲಿಗೆ ಕರೆದ. "ಟೀಚರ್ ಬಂದಿದ್ರಾ?" ಎಂದ. ತಲೆಯಾಡಿಸಿದೆ. ಕೊಡತಿಯನ್ನು ತೊಡೆಯ ಮೇಲಿಟ್ಟುಕೊಂಡು, "ಸರಿ ಬಿಡು" ಎಂದ.

ಶುಕ್ರವಾರದ ಹೊತ್ತಿಗೆ ಅವನ ಬಲಭುಜ ಊದಿಕೊಂಡು ಕೈ ಮೇಲೇಳದಂತಾಯಿತು. ಕಾಳಮ್ಮತ್ತೆ ಬಂದು ಕಟ್ಟೆಗೆ ಎಳೆದುಕೊಂಡು ಹೋಗಿ ಬೈದಳು. "ಯಾರ ಮೇಲಿನ ಸಿಟ್ಟೋ ನಿಂದು? ಮರಾನ ಪಳಗಿಸ್ತೀಯೋ ಸಾಯ್ಸ್ತೀಯೋ? ಹೆಂಡ್ತಿ ಹೋದ್ಲು ಅಂತ ಕೈಯೂ ಕಳ್ಕೋತೀಯಾ?" ಬೈಯುತ್ತಲೇ ಹೊಳೆಯಾಚೆಯ ಮೂಳೆವೈದ್ಯನ ಹತ್ತಿರ ಕರೆದುಕೊಂಡು ಹೋದಳು. ಪಳಗಿಸದ ಬ್ಯಾಟುಗಳು ಇನ್ನೂ ಎಂಟಿದ್ದವು. ಅಪ್ಪ ಬರುವಷ್ಟರಲ್ಲಿ ಒಂದನ್ನಾದರೂ ಮುಗಿಸಿಡೋಣ ಎಂದು ಬಾವಿಯ ಹತ್ತಿರ ಕೂತು ಕೊಡತಿ ಎತ್ತಿದೆ.

"ದುಪ್ಪಟಿ ಒಣಗಿಲ್ಲ," ಎಂದಿತು ಬ್ಯಾಟು.

ಪಿಸುದನಿ. ನನ್ನದೇ. ಮತ್ತೆ ಬಡಿದೆ. "ದುಪ್ಪಟಿ ಒಣಗಿಲ್ಲ." ಇನ್ನೊಂದು ಬ್ಯಾಟು ತೆಗೆದೆ. "ಅಮ್ಮ ಇವತ್ತು ಎರಡು ತುತ್ತು ಉಂಡಳು." ಮತ್ತೊಂದು, "ಅಪ್ಪ ನಡುಮನೆಯ ಬಾಗಿಲಲ್ಲೇ ನಿಂತು ಹೋದ." ಎಂಟನ್ನೂ ಬಡಿದು ನೋಡಿದೆ. ಎಂಟರಲ್ಲೂ ನಾನೇ. ನಾನು ಒಲೆಗೆ ಹಾಕಿದ ಆ ಸಾಲು ಮಾತ್ರ ಎಂಟರಲ್ಲಿರಲಿಲ್ಲ.

ಒಂದೇ ಸಲ ಅದ್ದಿದ ಮೇಣದಿಂದ ಕಿವಿ ಪೂರ್ತಿ ಮುಚ್ಚಿರಲಿಲ್ಲ, ಒಂದೊಂದು ಸೀಳು ಒಂದೊಂದು ದಿನ ಬಿರುಕು ಬಿಟ್ಟು ಆ ದಿನದ ಸಾಲನ್ನು ಹಿಡಿದಿತ್ತು ಎಂದು ಆಗ ಗೊತ್ತಾಯಿತು. ಅಪ್ಪ ಹಿತ್ತಲಲ್ಲಿ ಮೂರು ತಿಂಗಳು ಏನು ಮಾಡುತ್ತಿದ್ದ ಎಂಬುದೂ. ಮಾತು ಹಿಡಿದ ಮರವನ್ನು ಸುಟ್ಟರೆ ಅದು ಒಂದೇ ಸಲಕ್ಕೆ ಬೀದಿಗೆಲ್ಲ ಕೇಳುವಂತೆ ಹೇಳಿಬಿಡುತ್ತದೆ. ಬಾವಿಗೆ ಹಾಕಿದರೆ ಬಾವಿಯೇ ಮಾತಾಡಲು ಶುರುಮಾಡುತ್ತದೆ. ಮಾತನ್ನು ಸವೆಸಲು ಒಂದೇ ದಾರಿ, ಬಡಿಯುತ್ತಾ ಹೋಗುವುದು. ನಾಲ್ಕು ಸಾವಿರ, ಐದು ಸಾವಿರ ಪೆಟ್ಟಿಗೆ ದನಿ ತೆಳುವಾಗಿ ಬರೀ ಉಸಿರಾಗಿ ಕೊನೆಗೆ ಮರದ ಸದ್ದು ಮಾತ್ರ ಉಳಿಯುತ್ತದೆ. ಮೂವತ್ತೊಂದು ಬ್ಯಾಟುಗಳನ್ನು ಅಪ್ಪ ಹಾಗೆ ಮುಗಿಸಿದ್ದ. ನನ್ನ ಒಂದೊಂದು ಸಾಲನ್ನೂ ಐದೈದು ಸಾವಿರ ಸಲ ಕೇಳಿದ್ದ. ಆ ಸಾಲು ಆ ಮೂವತ್ತೊಂದರಲ್ಲಿತ್ತೋ, ಟೀಚರ ಕೈಯಲ್ಲಿತ್ತೋ? ಚಪ್ಪಲಿ ಮೆಟ್ಟುವುದನ್ನೂ ಮರೆತು ಹೈಸ್ಕೂಲಿನ ಕಡೆ ಹೊರಟೆ.

ಟೀಚರ್ ಮೈದಾನದ ಅಂಚಿನಲ್ಲಿ ಸುಣ್ಣದ ಗೆರೆ ಎಳೆಸುತ್ತಿದ್ದರು. ನನ್ನ ಕಾಲು ನೋಡಿದರು, ಮುಖ ನೋಡಿದರು, ಏನೂ ಕೇಳದೆ ಆಟದ ಸಾಮಾನಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಬ್ಯಾಟು ಅಲ್ಲೇ ಇತ್ತು, ಸೀರೆಯ ತುಂಡಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟಿದ್ದರು.

"ಹೊಡೆದ್ರಾ ಮಿಸ್?" ಎಂದೆ.

"ಎರಡೇ ಏಟು. ಮೊದಲನೇದಕ್ಕೆ ನಂಬಲಿಲ್ಲ." ಅವರು ಸ್ಟೂಲಿನ ಮೇಲೆ ಕೂತರು. "ಮೂರು ವರ್ಷ ನನ್ನ ಕ್ಲಾಸಲ್ಲಿದ್ದೆ, ನಿನ್ನ ದನಿ ಕೇಳಿದ್ದು ಹಾಜರಿ ಕರೆಯೋವಾಗ ಮಾತ್ರ. ಆದ್ರೂ ಗುರ್ತು ಸಿಕ್ತು ಕಣೆ."

ಯಾವ ಸಾಲು ಎಂದು ನಾನು ಕೇಳಬೇಕಾಗಲಿಲ್ಲ. ಅವರು ನನ್ನನ್ನು ನೋಡುತ್ತಿದ್ದ ರೀತಿಯಲ್ಲೇ ತಿಳಿಯಿತು. ಗೋಡೆಯ ಕಡೆ ತಿರುಗಿ ನಿಂತೆ. ಹರಿದ ಬಲೆ, ವಾಲಿಬಾಲು, ಸ್ಟಂಪುಗಳು.

"ಯಾರಿಗಾದ್ರೂ..."

"ಥೂ, ಏನು ಮಾತು! ನಾನ್ಯಾಕೆ ಹೇಳ್ಲಿ? ನೋಡು, ಭಾನುವಾರ ನಾನು ಹಳೇ ಬ್ಯಾಟಲ್ಲೇ ಆಡ್ತೀನಿ. ಇದು ಇಲ್ಲೇ ಬೀರು ಒಳಗಿರುತ್ತೆ, ಬೀಗ ಹಾಕಿ. ನಾನು ರಿಟೈರ್ ಆಗೋವರೆಗೂ ಇರುತ್ತೆ. ಆಮೇಲೆ ನನ್ನ ಜೊತೆ ಬರುತ್ತೆ. ಸಾಕಾ?" ಅಷ್ಟು ಹೇಳಿ ಸೊಂಟದಿಂದ ಬೀಗದ ಕೈ ತೆಗೆದರು. "ಆದ್ರೆ ನಿನ್ನೆ ನಿಮ್ಮಪ್ಪ ಬಂದಿದ್ರು."

ನಾನು ತಿರುಗಿದೆ.

"ಗೇಟಿನ ಹತ್ರಾನೇ ನಿಂತ್ಕೊಂಡು, 'ಟೀಚರೇ, ಬ್ಯಾಟು ಏನಾದ್ರೂ ಅಂದಿತಾ?' ಅಂದ್ರು. ಇಲ್ಲವಲ್ಲ ಆಚಾರ್ರೇ ಅಂದೆ. ಸುಳ್ಳು ಅಂತ ಗೊತ್ತಾಯ್ತು ಅವರಿಗೆ. ವಾಪಸು ಕೊಡಿ ಅಂತಾರೇನೋ ಅಂದ್ಕೊಂಡೆ. ಕೇಳಲಿಲ್ಲ. 'ಮಗು ಬಂದು ಕೇಳಿದ್ರೆ ಮಾತ್ರ ಕೊಡಿ' ಅಂದು ಹೊರಟುಹೋದ್ರು."

ಬೀರುವಿನ ಬೀಗದ ಕೈ ಅವರ ಅಂಗೈಯಲ್ಲಿತ್ತು. ಸಾಕು ಎಂದು ಒಂದು ಸಲ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಅಪ್ಪ ಆ ಸಾಲನ್ನು ಕೇಳಿಲ್ಲ, ಕೇಳುವುದೂ ಇಲ್ಲ. ನಾವಿಬ್ಬರೂ ಶೆಡ್ಡಿನಲ್ಲಿ ಎದುರುಬದುರು ಕೂತು ಅವನು ಕೀಸುತ್ತಾ ನಾನು ದಾರ ಸುತ್ತುತ್ತಾ ಇರಬಹುದು. ತಲೆಯಾಡಿಸಲು ಸಾಕಷ್ಟು ಹೊತ್ತು ಪ್ರಯತ್ನಪಟ್ಟೆ. ಅಪ್ಪ ಗೇಟಿನಲ್ಲಿ ನಿಂತಿದ್ದ ರೀತಿ ಕಣ್ಣ ಮುಂದಿನಿಂದ ಹೋಗಲಿಲ್ಲ. ಅಮ್ಮನ ಬಾಗಿಲಲ್ಲೂ ಅವನು ಹಾಗೇ ನಿಲ್ಲುತ್ತಿದ್ದ. ಅದನ್ನೂ ನಾನು ಬರೆದಿದ್ದೆ.

"ಕೊಡಿ ಮಿಸ್," ಎಂದೆ.

ಬ್ಯಾಟನ್ನು ಎದೆಗೊತ್ತಿಕೊಂಡು ನಡೆದೆ, ಎಲ್ಲಿಯೂ ತಾಗಿಸದ ಹಾಗೆ. ಮನೆಗೆ ಬಂದಾಗ ಅಪ್ಪ ಬಂದಾಗಿತ್ತು. ಭುಜಕ್ಕೆ ಎಲೆ ಕಟ್ಟಿ ಬಟ್ಟೆ ಸುತ್ತಿದ್ದರು. ಶೆಡ್ಡಿನಲ್ಲಿ ಎಡಗೈಯಲ್ಲಿ ಮರದ ಹೊಟ್ಟು ಗುಡಿಸುತ್ತಿದ್ದವನು ನನ್ನನ್ನೂ ನನ್ನ ಎದೆಯ ಮೇಲಿದ್ದುದನ್ನೂ ನೋಡಿ ಪೊರಕೆ ಇಟ್ಟ. ನಾನು ಹಿತ್ತಲ ಕಡೆ ಸನ್ನೆ ಮಾಡಿದೆ. ಅವನು ಬೇಡವೆಂದು ಕೈಯಾಡಿಸಿದ. ನೆಲದ ಮೇಲೆ ಅರ್ಧ ಕೆತ್ತಿದ ಮೂರು ಸೀಳುಗಳಿದ್ದವು, ಮುಂದಿನ ತಿಂಗಳ ಬ್ಯಾಟುಗಳಿಗೆಂದು ಬೇರೆಯವರಿಂದ ತಂದಿದ್ದು, ಮೈ ತೆರೆದವು. ಅಪ್ಪ ಒಂದನ್ನು ಎಡಗಂಕುಳಲ್ಲಿ ಸಿಕ್ಕಿಸಿಕೊಂಡು ಅಂಗಳಕ್ಕೆ ಒಯ್ದು ಇಟ್ಟು ಬಂದ. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ನಾನು ನಿಂತೇ ಇದ್ದೆ. ಬಾಗಿಲು ಮುಚ್ಚಿ ತನ್ನ ಮಣೆಯ ಮೇಲೆ ಕೂತ. ಹುಟ್ಟಿದಾಗಿನಿಂದ ಆ ಶೆಡ್ಡಿನಲ್ಲಿ ಮನುಷ್ಯರ ದನಿ ನಾನು ಕೇಳಿರಲಿಲ್ಲ.

"ಈಗ ಮಾತಾಡು," ಎಂದ.

"ಮೇಣ ಒಂದೇ ಸಲ ಅದ್ದಿದ್ದೆ ಅಪ್ಪ."

"ಗೊತ್ತು. ಉಳಿ ಇಟ್ಟಾಗಲೇ ಗೊತ್ತಾಯ್ತು, ತುದಿ ಬಿರುಕು ಬಿಟ್ಟಿತ್ತು."

"ಯಾಕೆ ಹೇಳಲಿಲ್ಲ?"

ಅವನು ಎಡಗೈಯಿಂದ ಮೊಣಕಾಲು ಸವರಿಕೊಂಡ. "ಮೊದಲನೇ ಬ್ಯಾಟಲ್ಲಿ ಇದ್ದಿದ್ದು, 'ಅಮ್ಮ ಇವತ್ತು ನಕ್ಕಳು' ಅಂತ. ಯಾವತ್ತು ನಕ್ಳೋ, ನಾನಿರಲಿಲ್ಲ. ನಾಲ್ಕು ಸಾವಿರಕ್ಕೇ ನಿಲ್ಲಿಸಬಹುದಿತ್ತೇನೋ, ಕೈ ಬರಲಿಲ್ಲ. ನಿಮ್ಮಮ್ಮ ಮಲಗಿದ್ದಾಗ ಒಳಗೆ ಬರೋಕೆ ನಂಗೆ ಧೈರ್ಯ ಇರಲಿಲ್ಲ. ಈಗ ಹಿತ್ತಲಲ್ಲಿ ಕೂತು ಒಂದೊಂದೇ ದಿನ ಕೇಳಿಸ್ಕೊಂಡೆ." "ಅವಳಿಗೂ ಕೇಳಿಸ್ತಿತ್ತು," ಎಂದ.

"ಯಾರಿಗೆ?"

"ನಿಮ್ಮಮ್ಮನಿಗೆ. ಮಂಚ ಅಟ್ಟದ ಕೆಳಗೇ ಇತ್ತಲ್ಲ. ನಾನು ಬಾಗಿಲಿಗೆ ಬಂದ್ರೆ ಬೆರಳೆತ್ತಿ, ಶ್, ಹುಡುಗಿ ಮಾತಾಡ್ತಿದಾಳೆ, ಅನ್ನೋ ಹಾಗೆ ಸನ್ನೆ ಮಾಡೋಳು."

ಹೊಟ್ಟಿನ ಮೇಲೆ ಕೂತುಬಿಟ್ಟೆ. ಆ ಮಧ್ಯಾಹ್ನ ಅಮ್ಮ ಮಂಪರಿನಲ್ಲಿದ್ದಳೆಂದು ನಂಬಿದ್ದೆ. "ಮಾತು ತಿಳೀತಿತ್ತಾ ಅವಳಿಗೆ?"

"ದನಿ ಕೇಳಿಸ್ತಿತ್ತು. ಮಾತು ತಿಳೀತಿತ್ತೋ ಇಲ್ವೋ, ನಾನು ಕೇಳಲಿಲ್ಲ." ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಬ್ಯಾಟು ನಮ್ಮಿಬ್ಬರ ನಡುವೆ ನೆಲದ ಮೇಲಿತ್ತು. ಅಪ್ಪ ಅದನ್ನು ಮುಟ್ಟಲಿಲ್ಲ. "ಅದರಲ್ಲಿ ಏನಿದೆಯೋ ಅದನ್ನ ಮರದ ಬಾಯಿಂದ ಕೇಳೋದು ಬೇಡ ನಂಗೆ," ಎಂದ. "ಹೇಳೋ ಹಾಗಿದ್ರೆ ನೀನೇ ಹೇಳು. ಇಲ್ಲದಿದ್ರೆ ಟೀಚರಿಗೆ ವಾಪಸು ಕೊಟ್ಟು ಬಾ. ನಾನು ಕೇಳಲ್ಲ."

ಹೇಳಿದೆ. ಪಿಸುಗುಟ್ಟಲಿಲ್ಲ. ಅಮ್ಮ ಬೇಗ ಹೋಗಿಬಿಡಲಿ ಅಂತ ಬರೆದಿದ್ದೆ ಅಪ್ಪ, ನನಗೆ ನಿದ್ದೆ ಬೇಕು ಅಂತ ಬರೆದಿದ್ದೆ. ದನಿ ನನ್ನದೆನಿಸಲಿಲ್ಲ, ಅಷ್ಟು ದೊಡ್ಡದಾಗಿತ್ತು. ಹೊರಗೆ ಅಂಗಳದವರೆಗೆ ಹೋಯಿತೋ ಏನೋ.

ಅಪ್ಪ ತಲೆ ಬಗ್ಗಿಸಿ ಕೂತಿದ್ದ. ಅವನ ಭುಜದ ಕಟ್ಟಿನಿಂದ ಎಲೆಯ ಕಹಿ ವಾಸನೆ ಬರುತ್ತಿತ್ತು. ಬೈಯಲಿ ಎಂದು ಕಾದೆ. ನೀನು ಹಾಗಂದುಕೊಂಡಿರಲಾರೆ ಎನ್ನಲಿ ಎಂದೂ ಕಾದೆ. ಅವನು ತಲೆಯೆತ್ತಿದ.

"ಈಗ ನಿದ್ದೆ ಬರ್ತಿದೆಯಾ ಮಗಾ?"

"ಇಲ್ಲ," ಎಂದೆ.

ಅವನು ಎದ್ದ. ಬ್ಯಾಟನ್ನು ಎತ್ತಿಕೊಂಡ, ಗೂಟದಿಂದ ಕೊಡತಿ ತೆಗೆದ. "ಭಾನುವಾರಕ್ಕೆ ಟೀಚರಿಗೆ ಬೇಕಲ್ಲ," ಎಂದ.

"ಆ ಕೈಯಲ್ಲಿ ಹೆಂಗಪ್ಪ? ನಾನು ಹೊಡೀತೀನಿ ಕೊಡು."

"ಎಡಗೈ ಇದೆಯಲ್ಲ. ನೀನು ಹೋಗಿ ಸ್ವಲ್ಪ ಮಲಕ್ಕೋ."

ಅವನು ಬಾವಿಯ ಕಡೆ ಹೋದ. ನಾನು ಅಂಗಳದಿಂದ ಮೂರು ಸೀಳುಗಳನ್ನೂ ಒಳಗೆ ತಂದಿಟ್ಟೆ, ಬಾಯಿ ಮುಚ್ಚಿಕೊಂಡು. ನಡುಮನೆಗೆ ಬಂದು ಅಮ್ಮನ ಮಂಚವಿದ್ದ ಜಾಗದಲ್ಲಿ ಚಾಪೆ ಹಾಸಿಕೊಂಡೆ. ಸಂಜೆಯ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಹಿತ್ತಲಿನಿಂದ ಪೆಟ್ಟು ಕೇಳಿಸತೊಡಗಿತು. ರೂಢಿಯಿಲ್ಲದ ಕೈ, ಒಂದು ಜೋರು ಒಂದು ಮೆತ್ತಗೆ. ಇಷ್ಟು ದೂರಕ್ಕೆ ಮಾತು ಕೇಳಿಸುವುದಿಲ್ಲ. ಪ್ರತಿ ಪೆಟ್ಟಿಗೂ ಅದು ಏನೆನ್ನುತ್ತಿದೆ ಎಂದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ನಾನು ಎಣಿಸುತ್ತಾ ಹೋದೆ. ಮುನ್ನೂರ ಹನ್ನೆರಡರವರೆಗೆ ಎಣಿಸಿದ್ದು ನೆನಪಿದೆ.